'ಮಗುವಿನ ತಲೆ ಕೆಡಿಸಿದ್ದಾಳೆ' ಅಂತ ಕೋರ್ಟಿನಲ್ಲಿ ಹೇಳಿದರೆ ಏನು ಮಾಡಬೇಕು?

ಮಗು ಯಾರ ಹತ್ತಿರ ಇರಬೇಕು ಅನ್ನೋ ಕಸ್ಟಡಿ ಕೇಸಿನ ಕಾಗದದಲ್ಲಿ 'ಪೇರೆಂಟಲ್ ಏಲಿಯನೇಷನ್' ಅನ್ನೋ ಪದ ಕಂಡರೆ ಹೆದರಬೇಡಿ. ಮಗು ಅಪ್ಪನ ಹತ್ತಿರ ಹೋಗಲ್ಲ ಅನ್ನುತ್ತಿದೆ, ಅದಕ್ಕೆ ಅಮ್ಮನೇ ಹೇಳಿಕೊಟ್ಟಿದ್ದಾಳೆ ಅನ್ನೋದು ಅದರ ಸಾರ. ಅಮ್ಮ ಹೊಡೆತ ಬಡಿತದ ಮಾತೆತ್ತಿದ್ದರೆ ಆ ಮಾತನ್ನು ಮುಚ್ಚಿಹಾಕೋಕೆ ಇದೇ ಸುಲಭದ ದಾರಿ.

ಇದರ ಹಿಂದಿನ ಕಥೆ ಗೊತ್ತಿರಲಿ. 1985ರಲ್ಲಿ ರಿಚರ್ಡ್ ಗಾರ್ಡ್ನರ್ ಅನ್ನೋ ಅಮೆರಿಕದ ಮನೋವೈದ್ಯರು ಇದನ್ನೊಂದು 'ಸಿಂಡ್ರೋಮ್' ಅಂದರು. ಆದರೆ ಮನೋವೈದ್ಯರು ಬಳಸುವ ಮಾನಸಿಕ ಕಾಯಿಲೆಗಳ ಕೈಪಿಡಿ ಡಿಎಸ್ಎಂ-5ರಲ್ಲಿ ಇದು ಕಾಯಿಲೆಯಾಗಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತನ್ನ ಕಾಯಿಲೆಗಳ ಪಟ್ಟಿ ಐಸಿಡಿ-11ರ ಸೂಚಿಯಿಂದ ಆ ಪದವನ್ನೇ ತೆಗೆಯಿತು. ಕಸ್ಟಡಿ ಕೇಸುಗಳಲ್ಲಿ ಇದರ ಬಳಕೆಯನ್ನು ಕಾನೂನು ಮಾಡಿ ನಿಲ್ಲಿಸಿ ಅಂತ 2023ರಲ್ಲಿ ಹೆಂಗಸರ ಮೇಲಿನ ದೌರ್ಜನ್ಯದ ಬಗ್ಗೆ ವರದಿ ಕೊಡುವ ವಿಶ್ವಸಂಸ್ಥೆಯ ತಜ್ಞೆ (ವಿಶೇಷ ವರದಿಗಾರ್ತಿ) ರೀಮ್ ಅಲ್ಸಲೇಮ್ ಶಿಫಾರಸು ಮಾಡಿದರು. ಹಾಗಂತ ಮಕ್ಕಳ ಮುಂದೆ ಇನ್ನೊಬ್ಬರನ್ನು ಬೈಯುವ ಅಪ್ಪ-ಅಮ್ಮ ಇಲ್ಲವೇ ಇಲ್ಲ ಅಂತಲ್ಲ, ಖಂಡಿತ ಇದ್ದಾರೆ. ಆದರೆ ಅದನ್ನು ಘಟನೆ ಹೇಳಿ ಸಾಬೀತು ಮಾಡಬೇಕು, ಅಲ್ವಾ?

ನಿಮ್ಮ ಉತ್ತರದಲ್ಲಿ ಹಿಡಿಯಬೇಕಾದ್ದು ಇದನ್ನೇ. ಯಾವ ದಿನ, ನಾನು ಏನು ಹೇಳಿದೆ, ಯಾರ ಮುಂದೆ ಅಂತ ಕೇಳಿ. ನಿರ್ದಿಷ್ಟ ಘಟನೆಗಳನ್ನು ಗುರುತಿಸದೆ ಯಾರಿಗೂ ಈ ಹಣೆಪಟ್ಟಿ ಹಚ್ಚಬಾರದು ಅಂತ ಸುಪ್ರೀಂ ಕೋರ್ಟ್ 2024ರ ಮೇನಲ್ಲೇ ಹೇಳಿದೆ. ಆ ಕೇಸಿನಲ್ಲಿ ಆರೋಪ ಮಾಡಿದ್ದು ತಾಯಿ, ಆರೋಪ ಇದ್ದದ್ದು ತಂದೆಯ ಮೇಲೆ. ಅಂದರೆ ಈ ಅಳತೆ ಇಬ್ಬರಿಗೂ ಒಂದೇ.

ಇನ್ನು ಒಂದು ನೋಟ್‌ಬುಕ್ ಇಡಿ. ಸಿರ್ಸಿಯ ತವರಲ್ಲಿ ಇದ್ದುಕೊಂಡು ಕೋರ್ಟ್ ಆದೇಶದಂತೆ ಅಪ್ಪನ ಭೇಟಿಗೆ ಕಾರವಾರಕ್ಕೆ ಮಗುವನ್ನು ಕರೆದೊಯ್ಯುವವರಿಗೆ ಮಳೆಗಾಲ ಅಂದರೆ ಏನು ಅಂತ ಗೊತ್ತು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ಅಂಥ ದಿನ ತಪ್ಪಿದ ಭೇಟಿಯೂ ಮುಂದೆ 'ಬೇಕಂತಲೇ ಕಳಿಸಲಿಲ್ಲ' ಅಂತ ಆಗಬಹುದು. ಅದಕ್ಕೇ ಅವತ್ತೇ ಬರೆಯಿರಿ: 'ಶನಿವಾರ, ಬೆಳಿಗ್ಗೆ 7, ಸಿರ್ಸಿ ಬಸ್ ಸ್ಟ್ಯಾಂಡ್. ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಬಸ್ ಇಲ್ಲ. 7.20ಕ್ಕೆ ಮೆಸೇಜ್ ಹಾಕಿದೆ, ನಾಳೆ ಬರುತ್ತೇವೆ ಅಂದೆ.' ಆ ಮೆಸೇಜನ್ನು ಅಳಿಸಬೇಡಿ.

ಮಗು ಆಡಿದ್ದನ್ನು ಮಗುವಿನ ಮಾತಲ್ಲೇ ಬರೆಯಿರಿ. 'ಆನು ಹೋಗ್ತ್ನಿಲ್ಲೆ' (ನಾನು ಹೋಗಲ್ಲ) ಅಂತ ಮನೆಮಾತಲ್ಲಿ ಅಂದಿದ್ದರೆ ಹಾಗೇ ಬರೆಯಿರಿ, ಅದನ್ನು 'ತಂದೆಯ ಬಗ್ಗೆ ಭೀತಿಯಿದೆ' ಅಂತ ತಿದ್ದಿದರೆ ಅದು ದೊಡ್ಡವರ ಮಾತಾಗಿಬಿಡುತ್ತದೆ, ಹೇಳಿಕೊಟ್ಟಿದ್ದಾರೆ ಅನ್ನೋಕೆ ಎದುರಿನವರಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಅಳುವ ಮಗುವಿನ ವಿಡಿಯೋ ಮಾಡಬೇಡಿ. 'ಜಡ್ಜ್ ಕೇಳಿದರೆ ಹೀಗೆ ಹೇಳು' ಅಂತ ಅಪ್ಪಿತಪ್ಪಿಯೂ ಹೇಳಬೇಡಿ.

ಭೇಟಿಯಿಂದ ಮಗುವಿಗೆ ಅಪಾಯ ಇದೆಯಾ? ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳದೆ ಕೂಡಲೇ ಕೋರ್ಟಿಗೆ ಅರ್ಜಿ ಹಾಕಿ. ಬೇರೆಯವರ ಸಮ್ಮುಖದಲ್ಲಿ ಮಾತ್ರ ಭೇಟಿ ಆಗಲಿ ಅಂತ ಕೇಳಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಭೇಟಿಯಿಂದ ಮಗುವಿಗೆ ಕೆಡುಕು ಅನಿಸಿದರೆ ಮ್ಯಾಜಿಸ್ಟ್ರೇಟ್ ಅದನ್ನು ನಿರಾಕರಿಸಬೇಕು. ತಿಳುವಳಿಕೆ ಬಂದ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು ಅಂತ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲೇ ಇದೆ. ನ್ಯಾಯಾಧೀಶರೇ ಮಗುವನ್ನು ಚೇಂಬರಿನಲ್ಲಿ ಮಾತಾಡಿಸಲಿ ಅಂತ ಕೇಳಿಕೊಳ್ಳಿ.

ಕೌನ್ಸೆಲರ್ ವರದಿ ನಿಮ್ಮ ವಿರುದ್ಧ ಬಂದರೆ ಕೊನೆಯ ಸಾಲು ಓದಿ ಕೈಚೆಲ್ಲಬೇಡಿ. ಅವರು ಮಗುವನ್ನು ಒಂಟಿಯಾಗಿ ಎಷ್ಟು ಸಲ ಕಂಡರು? ದೌರ್ಜನ್ಯದ ದೂರಿನ ಕಾಗದ ಓದಿದ್ದರಾ? ಮಗು ಬೇಡ ಅನ್ನೋಕೆ ಬೇರೆ ಕಾರಣ ಇರಬಹುದಾ ಅಂತ ನೋಡಿದರಾ? ಶಾಲೆ ಬದಲಾದದ್ದು, ಗುರುತಿಲ್ಲದ ಮನೆ, ಅಪ್ಪನ ಸಿಟ್ಟು, ಇವೆಲ್ಲ ಕಾರಣಗಳೇ. ಇದನ್ನೆಲ್ಲ ವಕೀಲರು ಪಾಟೀಸವಾಲಿನಲ್ಲಿ ಕೇಳಬೇಕು.

ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡಿ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕುಗಳಲ್ಲಿ ಸಮಿತಿಗಳಿವೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೋಗುವಾಗ ನೋಟ್‌ಬುಕ್, ಮೆಸೇಜುಗಳ ಪ್ರಿಂಟ್, ಭೇಟಿಯ ಆದೇಶದ ಪ್ರತಿ ಜೊತೆಗಿರಲಿ.