ನೆಲ ಹಾಕುವ ಮೊದಲು ತಳ ನೋಡಿ: ಪುಟ್ಟ ಅಲ್ಯೂಮಿನಿಯಂ ದೋಣಿಗೆ ನೆಲ ಮತ್ತು ಡೆಕ್

12ರಿಂದ 14 ಅಡಿಯ ಅಲ್ಯೂಮಿನಿಯಂ ದೋಣಿಯಲ್ಲಿ ಎದ್ದು ನಿಂತು ಗಾಳ ಬೀಸಿದವರಿಗೆ ಅದರ ಕಷ್ಟ ಗೊತ್ತು. ಕಾಲ ಕೆಳಗೆ ಸಮತಟ್ಟಾದ ಜಾಗವೇ ಇರುವುದಿಲ್ಲ. ತಳದುದ್ದಕ್ಕೂ ಪಕ್ಕೆಲುಬಿನಂಥ ಅಡ್ಡಪಟ್ಟಿಗಳು, ನಡುವೆ ಎರಡು ಮೂರು ಬೆಂಚು. ಹೆಜ್ಜೆ ಇಟ್ಟಲ್ಲೆಲ್ಲ ಡಬಡಬ ಸದ್ದು. ಒಂದು ನೆಲ ಹಾಕಿ, ಮೂತಿಯ ಕಡೆ ನಿಲ್ಲಲು ಒಂದು ಡೆಕ್, ಅಂದರೆ ಎತ್ತರದ ಕಟ್ಟೆ, ಕಟ್ಟಿಕೊಂಡರೆ ಅದೇ ದೋಣಿ ಬೇರೆಯದೇ ಆಗಿಬಿಡುತ್ತದೆ. ಡ್ರಿಲ್, ಗರಗಸ ಹಿಡಿಯಲು ಬಂದರೆ ಸಾಕು, ಮನೆಯಲ್ಲೇ ಮಾಡಬಹುದು.

ಆದರೆ ಒಂದು ಮಾತು ಮೊದಲೇ ಹೇಳಬೇಕು. ನೆಲ ಹಾಕುವುದು ಅಂದರೆ ಅದರ ಕೆಳಗಿನ ಜಾಗವನ್ನು ಮುಚ್ಚಿಬಿಡುವುದು. ಆಮೇಲೆ ಅಲ್ಲಿ ಏನಾಗುತ್ತಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ನನ್ನ ಮೊದಲ ದೋಣಿಗೆ, ಹುಳ ಹಿಡಿಯದಂತೆ ಔಷಧಿ ಏರಿಸಿದ ಪ್ಲೈವುಡ್ ಹಾಕಿದ್ದೆ. ಮರ ನಿಜಕ್ಕೂ ಕೊಳೆಯಲಿಲ್ಲ. ಮೂರನೇ ವರ್ಷ ನೆಲ ಎತ್ತಿ ನೋಡಿದಾಗ, ಹಲಗೆ ತಾಗಿದ ಕಡೆಯಲ್ಲೆಲ್ಲ ಅಲ್ಯೂಮಿನಿಯಂ ಬಿಳಿ ಪುಡಿಯಾಗಿತ್ತು. ಕೆಲವು ಕಡೆ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಅದಕ್ಕೇ ಇಲ್ಲಿ ನೆಲದ ಮೇಲಿನದಕ್ಕಿಂತ ಕೆಳಗಿನ ಮಾತೇ ಜಾಸ್ತಿ.

ಮೊದಲು ಒಳಗೆ ನೀರು ಸುರಿಯಿರಿ

ದೋಣಿಯೊಳಗಿನ ಸಾಮಾನೆಲ್ಲ ತೆಗೆದು ಚೆನ್ನಾಗಿ ತೊಳೆಯಿರಿ. ತೂಬಿಗೆ ಬಿರಡೆ ಹಾಕಿ, ಒಳಗೆ ನಾಲ್ಕು ಬೆರಳು ಎತ್ತರ ನೀರು ತುಂಬಿಸಿ. ಇಷ್ಟು ನೀರೇ 200 ಕಿಲೋ ದಾಟಬಹುದು. ಹಾಗಾಗಿ ತಳಕ್ಕೆ ಹಲವು ಕಡೆ ಆಸರೆ ಕೊಟ್ಟಿರಬೇಕು. ಈಗ ಹೊರಗಿನಿಂದ ನೋಡಿ. ಒಣಗಿದ ತಗಡಿನ ಮೇಲೆ ಎಲ್ಲಿ ಹನಿ ಮೂಡುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಸಾಮಾನ್ಯವಾಗಿ ಸೋರುವುದು ಸಡಿಲವಾದ ರಿವೆಟ್, ಅಂದರೆ ತಗಡುಗಳನ್ನು ಜೋಡಿಸುವ ಮೊಳೆಯಂಥ ಕೀಲು. ಒಬ್ಬರು ಒಂದು ಕಡೆಯಿಂದ ಭಾರವಾದ ಉಕ್ಕಿನ ತುಂಡನ್ನು ಒತ್ತಿ ಹಿಡಿದರೆ, ಇನ್ನೊಬ್ಬರು ಇನ್ನೊಂದು ಕಡೆಯಿಂದ ಸುತ್ತಿಗೆಯಲ್ಲಿ ತಟ್ಟಿ ಅದನ್ನು ಮತ್ತೆ ಬಿಗಿ ಮಾಡಬಹುದು. ನೀರು ಬಸಿದು, ಒಣಗಿಸಿ, ಒಳಗಿನಿಂದ ಮರೈನ್ ಸೀಲಂಟ್ (ದೋಣಿಗಳ ಸಂದು ಮುಚ್ಚುವ ಅಂಟು) ಹಚ್ಚಿ. ನಂತರ ಮತ್ತೊಮ್ಮೆ ನೀರು ಸುರಿದು ನೋಡಿ. ಬೇಜಾರಿನ ಕೆಲಸ ನಿಜ. ಆದರೆ ನೆಲ ಕೂರಿಸಿದ ಮೇಲೆ ಒಂದು ರಿವೆಟ್ ಹುಡುಕಲು ಇಡೀ ನೆಲವನ್ನೇ ಕೀಳಬೇಕಾಗುತ್ತದೆ.

ಹಾಗೇ ಬೆಂಚುಗಳನ್ನೂ ನೋಡಿ. ಜಾಗ ಬೇಕೆಂದು ನಡುವಿನ ಬೆಂಚನ್ನು ಕತ್ತರಿಸಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ದೋಣಿಯ ಎರಡೂ ಪಕ್ಕಗಳು ಒಳಕ್ಕೆ ಹೊರಕ್ಕೆ ಅಲುಗಾಡದಂತೆ ಹಿಡಿದಿಡುವುದು ಅದೇ ಬೆಂಚು. ಅದರ ಹೊಟ್ಟೆಯಲ್ಲಿ ಫೋಮ್ ಇರುತ್ತದೆ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ. ನೀರು ತುಂಬಿದ ದೋಣಿ ಮುಳುಗದೆ ಉಳಿಯುವುದು ಆ ಫೋಮಿನ ಬಲದಿಂದಲೇ. 100 ಲೀಟರ್ ಫೋಮ್ ಹೆಚ್ಚುಕಡಿಮೆ 100 ಕಿಲೋ ಭಾರವನ್ನು ತೇಲಿಸುತ್ತದೆ. ಹಳೆಯ ದೋಣಿಯಾದರೆ ಅದನ್ನು ಒತ್ತಿ ನೋಡಿ. ನೀರು ಹೀರಿ ಭಾರವಾಗಿದ್ದರೆ ಈಗಲೇ ಬದಲಿಸಿ.

ಭಾರ ಎಷ್ಟು, ಎಲ್ಲಿ?

8 ಅಡಿಗೆ 4 ಅಡಿಯ, 12 ಮಿಲಿಮೀಟರ್ ದಪ್ಪದ ಒಂದು ಪ್ಲೈವುಡ್ ಹಲಗೆ 20 ಕಿಲೋ ಮೇಲೇ ತೂಗುತ್ತದೆ. ನೆಲಕ್ಕೂ ಡೆಕ್ಕಿಗೂ ಸೇರಿ ಎರಡು ಹಲಗೆ, ಅದರ ಮೇಲೆ ಬಣ್ಣ, ಆ್ಯಂಗಲ್ (L ಆಕಾರದ ಲೋಹದ ಪಟ್ಟಿ), ತಿರುಪು ಎಂದರೆ ಒಬ್ಬ ಹುಡುಗ ಸದಾ ದೋಣಿಯಲ್ಲಿ ಕೂತ ಹಾಗಾಯಿತು. ಎಷ್ಟು ಭಾರ ಹಾಕಬಹುದು ಎಂದು ದೋಣಿಗೆ ಅಂಟಿಸಿದ ತಗಡಿನ ಫಲಕದಲ್ಲಿ ಬರೆದಿದ್ದರೆ, ಅದರಿಂದ ಈ ಭಾರವನ್ನು ಕಳೆದು ಉಳಿದದ್ದೇ ಜನಕ್ಕೂ ಎಂಜಿನ್ನಿಗೂ ಸಾಮಾನಿಗೂ. 18 ಮಿಲಿಮೀಟರ್ ಹಲಗೆ ಗಟ್ಟಿ ಅಂತ ಅನಿಸಬಹುದು. ಈ ಅಳತೆಯ ದೋಣಿಗೆ ಅದು ಅತಿಯಾಯಿತು. 12 ಮಿಲಿಮೀಟರ್ ಹಲಗೆಗೆ ಸುಮಾರು 40 ಸೆಂಟಿಮೀಟರಿಗೊಂದು ಆಸರೆ ಕೊಟ್ಟರೆ ಚೆನ್ನಾಗಿ ತಡೆಯುತ್ತದೆ.

ಔಷಧಿ ಏರಿಸಿದ ಮರ ಮಾತ್ರ ಬೇಡವೇ ಬೇಡ. ಆ ಔಷಧಿಗಳಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ. ತಾಮ್ರ, ಅಲ್ಯೂಮಿನಿಯಂ, ನಡುವೆ ಒದ್ದೆ: ಈ ಮೂರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಅದರಲ್ಲಿ ಕರಗಿಹೋಗುವುದು ಅಲ್ಯೂಮಿನಿಯಂ. ಮರೈನ್ ಪ್ಲೈವುಡ್ ಎಂದು ಕೊಟ್ಟರೂ ಔಷಧಿ ಏರಿಸಿದ್ದಾರೆಯೇ ಎಂದು ಕೇಳಿ. ಮಾಮೂಲಿ ಮರೈನ್ ಪ್ಲೈವುಡ್ಡಿಗೆ ನೀವೇ ಎರಡು ಮೂರು ಸಲ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ, ಗಟ್ಟಿಯಾಗುವ ರಾಳ) ಹಚ್ಚಿದರೆ ಸಾಕು. ನೀರು ಒಳಗೆ ಹೋಗುವುದು ಅಂಚಿನಿಂದಲೇ. ಅಂಚುಗಳಿಗೆ ಎಪಾಕ್ಸಿ ಹೀರುವಷ್ಟೂ ಕುಡಿಸಿ. ಹಣ ಜಾಸ್ತಿಯಾದರೂ ಪರವಾಗಿಲ್ಲ ಎನ್ನುವವರು 3 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆಯನ್ನೇ ಹಾಕಬಹುದು. 5052 ಎಂಬ ಮಿಶ್ರಲೋಹ ಈ ಕೆಲಸಕ್ಕೆ ಒಳ್ಳೆಯದು. ಭಾರ ಹೆಚ್ಚುಕಡಿಮೆ ಅಷ್ಟೇ, ಕೊಳೆಯುವ ಮಾತಿಲ್ಲ. ಆದರೆ ಬಿಸಿಲಿಗೆ ಕಾಯುತ್ತದೆ, ಸದ್ದೂ ಮಾಡುತ್ತದೆ.

ರಟ್ಟಿನ ಅಚ್ಚು, ಆಮೇಲೆ ಗರಗಸ

ದೋಣಿಯ ಪಕ್ಕಗಳು ಎಲ್ಲೂ ನೇರ ಇರುವುದಿಲ್ಲ. ಅಳತೆ ಟೇಪ್ ನಂಬಿ ಹಲಗೆ ಕೊಯ್ಯಬೇಡಿ. ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ತುಂಡು ತುಂಡಾಗಿ ಇಟ್ಟು, ಟೇಪ್ ಅಂಟಿಸಿ ಅಚ್ಚು ಮಾಡಿ. ಅಚ್ಚು ಸರಿಯಾಗಿ ಕೂತ ಮೇಲೆ ಹಲಗೆಯ ಮೇಲಿಟ್ಟು ಗೆರೆ ಎಳೆಯಿರಿ. ಕೊಯ್ದ ಹಲಗೆಗೂ ದೋಣಿಯ ಗೋಡೆಗೂ ನಡುವೆ 5 ಮಿಲಿಮೀಟರ್ ಸಂದು ಇರಲಿ. ಬಿಸಿಲಿಗೆ ಲೋಹ ಹಿಗ್ಗುತ್ತದೆ, ತೇವಕ್ಕೆ ಮರ ಉಬ್ಬುತ್ತದೆ, ಅಲೆಗೆ ದೋಣಿಯೇ ತಿರುಚುತ್ತದೆ. ಬಿಗಿಯಾಗಿ ಕೂತ ಹಲಗೆ ತಗಡನ್ನು ಉಜ್ಜಿ ಸವೆಸುತ್ತದೆ.

ನೆಲವನ್ನು ಒಂದೇ ಹಲಗೆಯಲ್ಲಿ ಮಾಡಬೇಡಿ. ಎರಡು ಮೂರು ತುಂಡಾಗಿರಲಿ. ಹಿಂಭಾಗದಲ್ಲಿ ತೂಬಿನ ಮೇಲೆ ಬರುವ ತುಂಡು ಕೈಯಲ್ಲೇ ಎತ್ತುವಂತಿರಲಿ. ಮಳೆ ನೀರು, ಅಲೆ ಎರಚಿದ ನೀರು, ಮೀನಿನ ಮೈಯಿಂದ ಇಳಿದ ನೀರು, ಎಲ್ಲವೂ ಕೆಳಗೆ ಹೋಗಿ ಹಿಂದಕ್ಕೆ ಹರಿದು ತೂಬಿಗೆ ಬರಬೇಕು. ನೆಲದಡಿ ಫೋಮ್ ತುಂಬುವುದಾದರೂ ನಡುವಿನ ಕಾಲುವೆಯಂಥ ಜಾಗವನ್ನು ಖಾಲಿ ಬಿಡಿ. ಥರ್ಮೋಕೋಲ್ ತುಂಬುವ ಆಸೆ ಬೇಡ. ಕಾಳು ಕಾಳಾಗಿ ಉದುರಿ ತೂಬು ಕಟ್ಟುತ್ತದೆ, ಪೆಟ್ರೋಲ್ ಬಿದ್ದರೆ ಕರಗುತ್ತದೆ. ಸುರಿದು ಉಬ್ಬಿಸುವ ಫೋಮೂ ನನಗೆ ಇಷ್ಟವಿಲ್ಲ. ಅದು ತಳಕ್ಕೆ ಅಂಟಿಕೊಂಡರೆ ಮತ್ತೆ ಆ ರಿವೆಟ್‌ಗಳನ್ನು ನೋಡುವ ದಾರಿಯೇ ಇಲ್ಲ.

ಹಲಗೆ ಕೂರುವುದು ಅಡ್ಡಪಟ್ಟಿಗಳ ಮೇಲೆ, ತಳದ ತಗಡಿನ ಮೇಲಲ್ಲ. ಪಟ್ಟಿಯ ಮೇಲೆ ತೆಳುವಾದ ರಬ್ಬರ್ ಪಟ್ಟಿ ಅಂಟಿಸಿದರೆ ಡಬಡಬ ಸದ್ದು ನಿಲ್ಲುತ್ತದೆ. ತಿರುಪು ಹಾಕುವಾಗ ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ನೀರಿನ ಮಟ್ಟದ ಕೆಳಗೆ ದೋಣಿಯ ಮೈಗೆ ಒಂದೇ ಒಂದು ತೂತೂ ಬೀಳಬಾರದು. ತಿರುಪು ಸ್ಟೇನ್‌ಲೆಸ್ ಉಕ್ಕಿನದಾಗಿದ್ದರೆ ತುದಿಗೆ ತುಕ್ಕು ತಡೆಯುವ ಪೇಸ್ಟ್ ಹಚ್ಚಿ. ಸ್ಟೇನ್‌ಲೆಸ್ ಉಕ್ಕಿಗೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ. ಎಪಾಕ್ಸಿ ಹಚ್ಚಿದ ಹಲಗೆಗೆ ತೂತು ಕೊರೆದರೆ ಆ ತೂತಿನ ಒಳಮೈಗೂ ಮತ್ತೆ ಎಪಾಕ್ಸಿ ಮುಟ್ಟಿಸಿ.

ಡೆಕ್ ಎಷ್ಟು ಎತ್ತರ?

ಎಲ್ಲರೂ ಎಡವುವುದು ಇಲ್ಲಿ. ಎತ್ತರ ನಿಂತಷ್ಟೂ ಗಾಳ ದೂರ ಹೋಗುತ್ತದೆ, ನೀರೊಳಗೂ ಕಾಣುತ್ತದೆ. ಆದರೆ ನಿಮ್ಮ ಮೈಯ ಭಾರವೂ ಅಷ್ಟೇ ಮೇಲೆ ಹೋಗುತ್ತದೆ, ಅಗಲ ಕಮ್ಮಿ ಇರುವ ದೋಣಿ ಮಗುಚಲು ಅಷ್ಟೇ ಸಾಕು. ಕೊಯ್ಯುವ ಮೊದಲು ಒಂದು ಪರೀಕ್ಷೆ ಮಾಡಿ. ಮೊಣಕಾಲುದ್ದ ನೀರಿನಲ್ಲಿ ದೋಣಿ ಇಳಿಸಿ, ಮೂತಿಯ ಬೆಂಚಿನ ಮೇಲೆ ಒಂದು ಗಟ್ಟಿ ಹಲಗೆ ಕಟ್ಟಿ, ಲೈಫ್ ಜಾಕೆಟ್ ಹಾಕಿಕೊಂಡು ಅದರ ಮೇಲೆ ನಿಲ್ಲಿ. ಗಾಳ ಬೀಸುವಂತೆ ಕೈ ಬೀಸಿ, ಒಂದು ಪಕ್ಕಕ್ಕೆ ವಾಲಿ. ಕಾಲು ನಡುಗಿತೇ? ಹಾಗಾದರೆ ಡೆಕ್ ಇನ್ನೂ ತಗ್ಗಬೇಕು. ನನ್ನ ಮಟ್ಟಿಗೆ ಬೆಂಚಿನ ಎತ್ತರವೇ ಗರಿಷ್ಠ. 12 ಅಡಿಯ ದೋಣಿಯಲ್ಲಿ ಹಿಂದೊಂದು ಡೆಕ್ ಬೇಡ, ಮುಂದಿನದೊಂದೇ ಸಾಕು.

ಚೌಕಟ್ಟಿಗೆ 40 ಮಿಲಿಮೀಟರಿನ, 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಆ್ಯಂಗಲ್ ಸಾಕು. ಒಂದು ತುದಿ ಬೆಂಚಿಗೆ, ಇನ್ನೊಂದು ತುದಿ ಮೂತಿಯ ಕಡೆಯ ಅಡ್ಡಪಟ್ಟಿಗೆ. ನಡುವೆ ಕಾಲು ಕೊಡುವುದಾದರೆ ಅದೂ ಅಡ್ಡಪಟ್ಟಿಯ ಮೇಲೆಯೇ ನಿಲ್ಲಲಿ. 4.8 ಮಿಲಿಮೀಟರಿನ ಅಲ್ಯೂಮಿನಿಯಂ ರಿವೆಟ್ ಹಾಕಿ, ಮೂಲೆಗಳಿಗೆ ಎರಡೆರಡು. ರಸಮಟ್ಟವನ್ನು ದೋಣಿ ನೆಲದ ಮೇಲಿದ್ದಾಗ ಇಟ್ಟರೆ ಸುಮ್ನೆ ಮೋಸ. ಬೆಂಚಿನ ಮೇಲ್ಮೈಗೆ ಸಮವಾಗಿದೆಯೇ ಎಂದಷ್ಟೇ ನೋಡಿ.

ಸಾಮಾನಿಡಲು ಡೆಕ್ಕಿನಲ್ಲಿ ಮುಚ್ಚಳ ಕೊಯ್ಯುವಿರಿ, ಅಲ್ವಾ? ಮೂಲೆಗಳನ್ನು ದುಂಡಗೆ ಮಾಡಿ, ಸುತ್ತಲೂ ಆ್ಯಂಗಲ್ ಕೊಡಿ. ಬ್ಯಾಟರಿ ಒಳಗಿಟ್ಟರೆ ಅದನ್ನು ಬಿಗಿದು ಕಟ್ಟಿ, ಗಾಳಿಯಾಡಲು ಕಿಂಡಿ ಬಿಡಿ. ಸೀಸ-ಆಮ್ಲದ ಬ್ಯಾಟರಿಯಾದರೆ ಚಾರ್ಜ್ ಆಗುವಾಗ ಅದರಿಂದ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬರುತ್ತದೆ. ಫ್ಯೂಸ್ ಬ್ಯಾಟರಿಯಿಂದ 18 ಸೆಂಟಿಮೀಟರಿನೊಳಗೆ ಇರಲಿ. ಪೆಟ್ರೋಲ್ ಕ್ಯಾನನ್ನು ಮಾತ್ರ ಡೆಕ್ಕಿನಡಿ ಮುಚ್ಚಿಡಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗದೆ ನೆಲದಡಿ ಇಳಿದು ಕೂತಿರುತ್ತದೆ, ಒಂದು ಕಿಡಿ ಸಾಕು.

ಮೇಲ್ಮೈಗೆ ಕಾರ್ಪೆಟ್ ಹಾಕುವವರೇ ಜಾಸ್ತಿ. ಮೆತ್ತಗೆ, ಸದ್ದಿಲ್ಲ, ಚಂದ. ಆದರೆ ಅದು ದಿನಗಟ್ಟಲೆ ಒದ್ದೆ ಹಿಡಿದಿಡುತ್ತದೆ, ಗಾಳ ಸಿಕ್ಕಿಸಿಕೊಳ್ಳುತ್ತದೆ, ಮೀನಿನ ವಾಸನೆಯಂತೂ ಹೋಗುವುದೇ ಇಲ್ಲ. ಮರಳು ಬೆರೆಸಿದ ತಿಳಿ ಬಣ್ಣವೇ ನನಗೆ ಮೆಚ್ಚು. ಜಾರುವುದಿಲ್ಲ, ಬಿಸಿಲಿಗೆ ಕಾಯುವುದಿಲ್ಲ, ಒಂದು ಬಕೆಟ್ ನೀರಿಗೆ ತೊಳೆದುಹೋಗುತ್ತದೆ.

ಕೆಲಸ ಮುಗಿದ ಮೇಲೆ ಡ್ರಿಲ್ಲಿನ ಚೂರುಗಳನ್ನೆಲ್ಲ ಬ್ರಶ್ ಮತ್ತು ನೀರಿನಲ್ಲಿ ಹೊರಗೆ ಹಾಕಿ. ಕಬ್ಬಿಣದ ಚೂರು, ತಾಮ್ರದ ನಾಣ್ಯ, ಸೀಸದ ಗುಂಡು, ಯಾವುದೇ ಆಗಲಿ, ಒದ್ದೆ ತಳದಲ್ಲಿ ಬಿದ್ದಿದ್ದರೆ ಅದರ ಕೆಳಗಿನ ಅಲ್ಯೂಮಿನಿಯಂ ತೂತಾಗುವವರೆಗೂ ತಿನ್ನುತ್ತದೆ. ಮೊದಲ ಸಲ ನೀರಿಗೆ ಹೋಗಿ ಬಂದ ದಿನವೇ ಹಿಂದಿನ ತುಂಡು ಎತ್ತಿ, ಟಾರ್ಚ್ ಹಾಕಿ ಮೂತಿಯ ತನಕ ನೋಡಿ. ಎಲ್ಲಾದರೂ ನೀರು ನಿಂತಿದ್ದರೆ ಅಲ್ಲೇನೋ ಅಡ್ಡ ಬಂದಿದೆ. ಬಣ್ಣ ಇನ್ನೂ ಹೊಸದಿರುವಾಗಲೇ ಆ ಹಲಗೆ ಬಿಚ್ಚಿ ಸರಿಮಾಡಿ.