ಅರ್ಧ ದುಡ್ಡು ಹಿಂಗಾರಿಗೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೂರು ನುಗ್ಗಿದಾಗ ಹುಬ್ಬಳ್ಳಿಯ ನಮ್ಮ ಓಣಿಯ ಮಹಿಳಾ ಮಂಡಳದವರು ಸಂತ್ರಸ್ತರಿಗಾಗಿ ಹಣ, ಸಾಮಾನು ಕೂಡಿಸಲು ಹೊರಟರು. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು ಎಂದು ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಅದನ್ನು ತೆಗೆದುಕೊಳ್ಳುವ ಮೊದಲು ನಾನು ಒಂದೇ ಷರತ್ತು ಹಾಕಿದೆ: ಬಂದ ಹಣದಲ್ಲಿ ಅರ್ಧವನ್ನು ಹಿಂಗಾರಿ ಬಿತ್ತನೆಯ ತನಕ ಯಾರೂ ಮುಟ್ಟಬಾರದು.

ಹಲವರಿಗೆ ಈ ಮಾತು ಸರಿಬರಲಿಲ್ಲ. “ಜನ ನಡುಮಟ್ಟ ನೀರಿನಲ್ಲಿ ನಿಂತಿದ್ದಾರೆ, ನೀವು ಗಂಟು ಕಟ್ಟಿಡುವ ಮಾತಾಡುತ್ತೀರಲ್ಲ ಅಕ್ಕಾ” ಎಂದು ನಮ್ಮ ಮಂಡಳದ ಕಿರಿಯಳೊಬ್ಬಳು ನೇರವಾಗಿಯೇ ಕೇಳಿದಳು. ಅವಳ ಸಂಕಟ ನನಗೆ ಅರ್ಥವಾಗುತ್ತಿತ್ತು. ಟಿ.ವಿ. ಹಾಕಿದರೆ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು, ಕೊಣ್ಣೂರಿನ ಹತ್ತಿರ ಹೆದ್ದಾರಿಯ ಮೇಲೆ ನೀರು, ಗೋಕಾಕದಲ್ಲಿ ಘಟಪ್ರಭೆ, ಆಚೆ ಕೃಷ್ಣೆ. ಎಲ್ಲವನ್ನೂ ಈಗಲೇ ಕೊಟ್ಟುಬಿಡಬೇಕು ಅನ್ನಿಸುವ ಹೊತ್ತು ಅದು. ಆದರೂ ನಾನು ಪಟ್ಟು ಬಿಡಲಿಲ್ಲ. ಅದಕ್ಕೆ ಕಾರಣ ಹತ್ತು ವರ್ಷ ಹಿಂದಿನದು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆಗ ನಾನು ರೋಣ ತಾಲ್ಲೂಕಿನ ಒಂದು ಶಾಖೆಯಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದೆ. ಮೊದಮೊದಲು ದಿನವೂ ಬ್ಯಾನರ್ ಕಟ್ಟಿದ ಲಾರಿಗಳು ಬರುತ್ತಿದ್ದವು. ಕಾರ್ತಿಕ ಮುಗಿಯುವ ಹೊತ್ತಿಗೆ ಒಂದೂ ಇಲ್ಲ. ಜನ ನಮ್ಮ ಕೌಂಟರಿಗೆ ಬರತೊಡಗಿದ್ದೇ ಆಮೇಲೆ. ಪರಿಹಾರದ ಚೆಕ್ಕು ಬಂದಿದೆಯೇ ಎಂದು ಕೇಳಲು, ಬಂಗಾರದ ಬೋರಮಾಳ ಒತ್ತೆ ಇಡಲು, ಬೀಜಕ್ಕೆ ಸಾಲ ಸಿಕ್ಕೀತೇ ಎಂದು ವಿಚಾರಿಸಲು. ಊರವರಿಗೆ ಹೆಚ್ಚು ಹಣ ಬೇಕಾದ ತಿಂಗಳಿನಲ್ಲೇ ಕೊಡುವವರ ಮನಸ್ಸು ಬೇರೆ ಸುದ್ದಿಯ ಕಡೆ ಹೊರಳಿತ್ತು. ಅದನ್ನು ನಾನು ಬಡ್ಡಿ ಲೆಕ್ಕದಲ್ಲಿ ಕಂಡವಳು.

ಇನ್ನೊಂದು ಸಂಗತಿಯೂ ಆಗಲೇ ಮನಸ್ಸಿಗೆ ಇಳಿದಿತ್ತು. ಸರ್ಕಾರ ‘ಆಸರೆ’ ಎಂಬ ಹೆಸರಿನಲ್ಲಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನೇ ಕಟ್ಟಿಸಿತು. ದೊಡ್ಡ ಮನಸ್ಸಿನ ಕೊಡುಗೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟೋ ಕಡೆ ಹೊಲ ದೂರವಾಯಿತು, ಎತ್ತು ಎಮ್ಮೆ ಕಟ್ಟಲು ಜಾಗವಿರಲಿಲ್ಲ, ಕೂಡುಕುಟುಂಬ ಹಿಡಿಸುವಷ್ಟು ಮನೆ ದೊಡ್ಡದಿರಲಿಲ್ಲ. ಜನ ಹಳೆಯ ಊರಿನಲ್ಲೇ ಉಳಿದರು. 2019ರಲ್ಲಿ ನೀರು ಮತ್ತೆ ಅದೇ ಹಳೆಯ ಊರುಗಳಿಗೆ ಬಂದಾಗ, ಅವರು ಜೀವ ಉಳಿಸಿಕೊಳ್ಳಲು ಹತ್ತಿದ್ದು ಆ ಆಸರೆ ಮನೆಗಳಿಗೇ. ಕಟ್ಟುವ ಮೊದಲು ದನದ ಬಗ್ಗೆ ಅಲ್ಲಿನ ಹೆಂಗಸರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹಾಗಾಗಿ ನಮ್ಮ ಕೆಲಸ ಚಿಕ್ಕದಾದರೂ ಕೇಳದೆ ಏನನ್ನೂ ಕಳಿಸುವುದಿಲ್ಲ ಎಂದು ಮೊದಲೇ ಗೊತ್ತುಮಾಡಿಕೊಂಡೆವು.

ಆ ವರ್ಷ ಸರ್ಕಾರ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತ ಎಂದು ಘೋಷಿಸಿತು. ಅಷ್ಟು ದೊಡ್ಡ ಸಂಕಟದಲ್ಲಿ ಒಂದು ಓಣಿಯ ಮಂಡಳ ಎಷ್ಟು ಮಾಡೀತು? ನಾವು ನರಗುಂದದ ಆಚೆ, ಹೆದ್ದಾರಿಯಿಂದ ಒಳಗೆ ಹೊಳೆದಂಡೆಗಿದ್ದ ಎರಡೇ ಊರು ಹಿಡಿದುಕೊಂಡೆವು. ಲಾರಿಗಳು ಡಾಂಬರು ಮುಗಿಯುವಲ್ಲೇ ನಿಂತುಬಿಡುತ್ತವೆ. ಎರೆಮಣ್ಣಿನ ದಾರಿ ನೆಂದರೆ ಚಕ್ರ ಹೂಳುತ್ತದೆ ಎಂಬ ಹೆದರಿಕೆ ಡ್ರೈವರನಿಗೂ ಇರುತ್ತದೆ. ಹೀಗಾಗಿ ರಸ್ತೆ ಬದಿಯ ಊರಿನಲ್ಲಿ ಬಿಸ್ಕತ್ತು, ನೀರಿನ ಬಾಟಲಿ ರಾಶಿ ಬಿದ್ದಿದ್ದರೆ ಒಳಗಿನ ಊರಿನಲ್ಲಿ ಬೆಂಕಿಪೊಟ್ಟಣವೂ ಇರುವುದಿಲ್ಲ. ನಾವು ಸಾಮಾನನ್ನು ನರಗುಂದದಲ್ಲಿ ಇಳಿಸಿ ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಒಯ್ದೆವು.

ಮೊದಲ ಕಂತಿನಲ್ಲಿ ಕಳಿಸಿದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಒಲೆ ನೀರು ಪಾಲಾದ ಮನೆಗೆ ಅಕ್ಕಿ ಕಳಿಸಿ ಏನು ಉಪಯೋಗ? ಬೇಯಿಸಿದ ಅನ್ನ, ಉಪ್ಪಿಟ್ಟು ದಾರಿಯಲ್ಲೇ ಹಳಸುತ್ತದೆ. ರೊಟ್ಟಿಗೆ ಆ ಭಯವಿಲ್ಲ, ಆದರೆ ಮಳೆಗಾಲದಲ್ಲಿ ಅದನ್ನೂ ಕಾಯಬೇಕು. ಪೂರ್ತಿ ಆರುವ ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರಿ ಬೂಸಲು ಹಿಡಿಯುತ್ತದೆ. ನಮ್ಮಲ್ಲಿ ಬಡಿದ ರೊಟ್ಟಿಯನ್ನು ರಾತ್ರಿಯೆಲ್ಲ ಮಂಡಳದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹರವಿ, ಬೆಳಿಗ್ಗೆ ಮುರಿದು ನೋಡಿ, ಸಪ್ಪಳ ಬಂದದ್ದನ್ನು ಮಾತ್ರ ಹತ್ತಿ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದೆವು. ಮೆತ್ತಗಿದ್ದದ್ದು ಮತ್ತೆ ಹಂಚಿಗೆ.

ಬಟ್ಟೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನೆರೆ ಎಂದೊಡನೆ ಎಲ್ಲರೂ ಮೊದಲು ಕಪಾಟು ತೆಗೆಯುತ್ತಾರೆ. ಬಂದ ಮೂಟೆಗಳನ್ನು ಬಿಚ್ಚಿದರೆ ನೈಟಿ, ಜೀನ್ಸ್, ಮದುವೆಯಲ್ಲಿ ಒಂದೇ ಬಾರಿ ಹಾಕಿದ ಜರಿಯ ಲಂಗ, ಗುಂಡಿ ಕಿತ್ತ ಅಂಗಿ. ಸೀರೆ ಇದ್ದರೆ ಅದರ ಜೊತೆ ಒಳಲಂಗವಿಲ್ಲ, ಕುಪ್ಪಸವಿಲ್ಲ. ಇಳಕಲ್ ಸೀರೆ ಉಟ್ಟು ಅರವತ್ತು ವರ್ಷ ಕಳೆದ ಅಜ್ಜಿಗೆ ನೈಟಿ ಕೊಟ್ಟರೆ ಆಕೆ ಒದ್ದೆ ಸೀರೆಯಲ್ಲೇ ಕೂರುತ್ತಾಳೆ, ಅದನ್ನು ತೊಡುವುದಿಲ್ಲ. ಅದು ಹಟವಲ್ಲ. ಮನೆ ಹೋದ ಮೇಲೆ ಆಕೆಯ ಹತ್ತಿರ ಉಳಿದಿರುವ ಮರ್ಯಾದೆ ಆ ಸೆರಗೊಂದೇ.

ನಾವು ಬಟ್ಟೆಯನ್ನು ಮೂರು ಭಾಗ ಮಾಡಿದೆವು. ನಾವೇ ಉಟ್ಟು ಹೊರಗೆ ಹೋಗಬಹುದಾದದ್ದು ಮಾತ್ರ ಊರಿಗೆ. ಪ್ರತಿ ಸೀರೆಗೆ ಒಂದು ಲಂಗ. ಒಳ ಉಡುಪು, ಸ್ಯಾನಿಟರಿ ಪ್ಯಾಡು ಹೊಸದಾಗಿಯೇ ಕೊಂಡದ್ದು. ಇವನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಯಾರೂ ದಾನ ಕೊಡುವುದೂ ಇಲ್ಲ. ಸವೆದ ಹತ್ತಿ ಸೀರೆಗಳನ್ನು ಬೇರೆ ಇಟ್ಟು ಕೌದಿ ಹೊಲಿಯಲು ಕೂತೆವು. ನೆಂದ ಹಾಸಿಗೆ ಒಣಗದ ಮನೆಗೆ ಅದು ಬೇಕೇ ಬೇಕು ಎಂದು ನಮ್ಮ ಹಿರಿಯರು ಮೊದಲೇ ಹೇಳಿದ್ದರು. ಮೂರನೆಯದು ಹರಿದದ್ದು. ಅದನ್ನು ಕೊಟ್ಟವರಿಗೇ ಮರಳಿಸಿದೆವು. ಒಂದಿಬ್ಬರು ಬೇಸರ ಮಾಡಿಕೊಂಡರು, ಮಾಡಿಕೊಳ್ಳಲಿ. ತಮ್ಮ ಮನೆಯ ಕಸ ಹೊರಹಾಕುವುದಕ್ಕೆ ಇನ್ನೊಬ್ಬರ ಕಷ್ಟ ದಾರಿಯಾಗಬಾರದು.

ಊರಿನ ಶಾಲೆಯಲ್ಲಿ ಸೀರೆಗಳನ್ನು ಬೆಂಚಿನ ಮೇಲೆ ಅಂಗಡಿಯ ಹಾಗೆ ಹರವಿ, ಹೆಂಗಸರೇ ಆರಿಸಿಕೊಳ್ಳಲಿ ಎಂದು ಬಿಟ್ಟೆವು. ಒಬ್ಬಾಕೆ ಎರಡು ಸೀರೆ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. ನೆರಿಗೆ ಹಿಡಿದು ನೋಡಿದರು, ಅಂಚು ಬೆರಳಲ್ಲಿ ಉಜ್ಜಿ ನೋಡಿದರು, ಬೆಳಕಿಗೆ ಹಿಡಿದರು. “ಇದು ಬಣ್ಣ ಬಿಡುತ್ತದೆಯೇನವ್ವಾ?” ಎಂದು ನನ್ನನ್ನು ಕೇಳಿದರು. ನೆರೆ ಬಂದ ಮೇಲೆ ಯಾವುದಾದರೂ ವಸ್ತುವನ್ನು ಬೇಕು, ಬೇಡ ಎನ್ನುವ ಅವಕಾಶ ಅವರಿಗೆ ಸಿಕ್ಕಿದ್ದು ಅದೇ ಮೊದಲಿರಬೇಕು. ಅಂದು ಸಾಲು ನಿಧಾನವಾಯಿತು, ನಮ್ಮ ಹುಡುಗರು ಗಡಿಬಿಡಿ ಮಾಡಿದರು. ನಾನು ಮಾಡಗೊಡಲಿಲ್ಲ.

ಫೋಟೊ ತೆಗೆಯುವುದನ್ನು ಪೂರ್ತಿ ನಿಲ್ಲಿಸಿದ್ದೆವು. ಕೈಯೊಡ್ಡಿ ನಿಂತವರ ಮುಖ ಯಾರ ಮೊಬೈಲಿನಲ್ಲೂ ಇರಬಾರದು. ದಾನಿಗಳಿಗೆ ತೋರಿಸಲು ಖರೀದಿಯ ಬಿಲ್ಲು, ಇಳಿಸಿದ ಸಾಮಾನಿನ ಪಟ್ಟಿ, ಊರಿನ ಹಿರಿಯರ ಸಹಿ ಸಾಕು. ಒಬ್ಬರು ದೊಡ್ಡ ಮೊತ್ತದ ಜೊತೆ ತಮ್ಮ ಹೆಸರಿನ ಬ್ಯಾನರೂ ಕಳಿಸಿದ್ದರು. ಎರಡನ್ನೂ ಕೈಮುಗಿದು ಹಿಂದಿರುಗಿಸಿದೆವು. ನಾಲ್ಕು ದಿನ ಬಿಟ್ಟು ಅವರು ಬ್ಯಾನರಿಲ್ಲದೆ ಹಣ ಕಳಿಸಿದರು, ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ.

ಹಣದ ವಿಷಯದಲ್ಲಿ ಬ್ಯಾಂಕಿನ ಶಿಸ್ತನ್ನೇ ಇಟ್ಟುಕೊಂಡೆ. ಮಂಡಳದ ಹೆಸರಿನ ಖಾತೆ, ಇಬ್ಬರ ಸಹಿ, ಪ್ರತಿ ರೂಪಾಯಿಗೂ ರಸೀದಿ. ತೆರಿಗೆ ವಿನಾಯಿತಿ ಬೇಕೆಂದವರಿಗೆ ನಮ್ಮಲ್ಲಿ ಅದು ಸಿಗುವುದಿಲ್ಲ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಡಿ ಎಂದು ಸ್ಪಷ್ಟವಾಗಿ ಹೇಳಿದೆವು. ಆ ನಿಧಿಗೆ ಕೊಟ್ಟ ಪೂರ್ತಿ ಮೊತ್ತಕ್ಕೆ ಆದಾಯ ತೆರಿಗೆ ಕಾಯ್ದೆಯ 80ಜಿ ಅಡಿ ವಿನಾಯಿತಿ ಇತ್ತು. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಇರಲಿಲ್ಲ, ಸಾಮಾನಿಗಂತೂ ಇಲ್ಲವೇ ಇಲ್ಲ. ವಾರಕ್ಕೊಮ್ಮೆ ಜಮಾ ಖರ್ಚು ಬರೆದು ಹನುಮಪ್ಪನ ಗುಡಿಯ ಫಲಕಕ್ಕೆ ಅಂಟಿಸುತ್ತಿದ್ದೆವು. ಆ ಹಾಳೆ ಓದಿದ ಮೇಲೆ ಮತ್ತೊಮ್ಮೆ ಕೊಟ್ಟವರು ಹಲವರು.

ನೀರು ಇಳಿದ ಮೇಲೆ ಮೊದಲು ಕೇಳಿಬಂದ ಬೇಡಿಕೆ ಮೇವು. ಬಣವೆಗಳು ತೇಲಿಹೋಗಿದ್ದವು, ಉಳಿದದ್ದು ಕೊಳೆತು ನಾರುತ್ತಿತ್ತು. ಆ ಸೀಮೆಯಲ್ಲಿ ದನವನ್ನು ಉಪವಾಸ ಕೆಡವಿ ಮನುಷ್ಯ ಉಣ್ಣುವುದಿಲ್ಲ. ಕುಂದಗೋಳ ಕಡೆಯ ರೈತರು ದುಡ್ಡು ಮುಟ್ಟದೆ ಜೋಳದ ಕಣಿಕೆ, ಶೇಂಗಾ ಹೊಟ್ಟು ಕೊಟ್ಟರು. ನಾವು ಬಾಡಿಗೆ, ಡೀಸೆಲ್ ನೋಡಿಕೊಂಡೆವು. ಆಮೇಲೆ ಸಲಿಕೆ, ಬುಟ್ಟಿ, ಬ್ಲೀಚಿಂಗ್ ಪುಡಿ, ರೊಟ್ಟಿಯ ಹಂಚು, ಪರಾತ, ಕೊಡ. ಮೊಣಕಾಲುದ್ದ ಕೆಸರು ತುಂಬಿದ ಮನೆಯವರಿಗೆ ಸಲಿಕೆಗಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಮಣ್ಣಿನ ಗೋಡೆಗಳು ನೀರಿನಲ್ಲಿ ನಿಂತಾಗ ಬೀಳದೆ, ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಟ್ಟು ಕುಸಿಯುತ್ತಿದ್ದವು. ಸಮೀಕ್ಷೆಯವರು ಬಂದು ಹೋದ ಮೇಲೆ ಬಿದ್ದ ಮನೆಯದು ಬೇರೆಯೇ ಗೋಳು.

ಇಲ್ಲಿ ನನ್ನ ಹಳೆಯ ವೃತ್ತಿ ನಿಜವಾಗಿ ಕೆಲಸಕ್ಕೆ ಬಂತು. ಸರ್ಕಾರ ತಕ್ಷಣಕ್ಕೆ ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ನಾವು ಓಣಿಯಲ್ಲಿ ಎಷ್ಟು ಕೂಡಿಸಿದರೂ ಆ 5 ಲಕ್ಷದ ಮುಂದೆ ಏನೂ ಅಲ್ಲ. ಅದು ಅವರ ಕೈ ಸೇರುವಂತೆ ಮಾಡುವುದೇ ದೊಡ್ಡ ದಾನ ಎಂದು ನನಗೆ ಅನ್ನಿಸಿತು. ಒಂದೇ ಸೂರಿನ ಕೆಳಗೆ ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಆದರೆ ಪಂಚಾಯಿತಿ ದಾಖಲೆಯಲ್ಲಿ ಮನೆ ಒಂದೇ. ಅದೂ ಎಂದೋ ತೀರಿಕೊಂಡ ಅಪ್ಪನ ಹೆಸರಿನಲ್ಲಿ, ವಾರಸಾ ಆಗಿಲ್ಲ. ಪಾಸ್‌ಬುಕ್ ಹೊಳೆ ಪಾಲು, ಆಧಾರಿನಲ್ಲಿ ಒಂದು ಹೆಸರು, ಖಾತೆಯಲ್ಲಿ ಇನ್ನೊಂದು. ಶಾಲೆಯ ಜಗುಲಿಯಲ್ಲಿ ಮೇಜು ಹಾಕಿ ಕೂತು ಅರ್ಜಿ ಬರೆದೆ, ಗ್ರಾಮ ಲೆಕ್ಕಾಧಿಕಾರಿಯ ಹತ್ತಿರ ಪಂಚನಾಮೆಯ ಪ್ರತಿ ಕೇಳಿದೆ, ಖಾತೆ ತಿದ್ದಿಸಿದೆ. ಓದಿದವರು, ನಿವೃತ್ತರು, ಕೊಡಲು ಹಣವಿಲ್ಲ ಎನ್ನುವವರು ಇಂಥ ಕಡೆ ಒಂದು ಪೆನ್ನು ಹಿಡಿದು ಹೋದರೆ ಸಾಕು. ಅರ್ಜಿ ತಿರಸ್ಕಾರವಾಗಿ ಬಂದ ಕಾಗದವನ್ನು ಓದಿ ಹೇಳುವವರಿಲ್ಲದೆ ಮಡಚಿ ಇಟ್ಟುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ.

ಸೆಪ್ಟೆಂಬರ್ ಬಂತು. ನಮ್ಮ ಖಾತೆಗೆ ಹಣ ಬರುವುದು ನಿಂತಿತು. ಹೆಸರಿನ ಬೆಳೆ ಕೊಯ್ಲಿನ ಹೊತ್ತಿಗೇ ನೀರಿಗೆ ಹೋಗಿತ್ತು, ಗೋವಿನಜೋಳ, ಉಳ್ಳಾಗಡ್ಡಿ ಕೊಳೆತಿದ್ದವು. ರೈತನ ಕೈಯಲ್ಲಿ ಕಾಸಿಲ್ಲ, ಹೊಲದಲ್ಲಿ ಮಾತ್ರ ಒಳ್ಳೆಯ ಹಸಿ ಇದೆ. ತೆಗೆದಿಟ್ಟ ಅರ್ಧ ಹಣವನ್ನು ಆಗ ಹೊರತೆಗೆದೆವು. ಬಿಳಿಜೋಳ ಎಕರೆಗೆ ಮೂರು ಕಿಲೊ ಬೀಜದಲ್ಲಿ ಆಗುತ್ತದೆ, ಕಡಲೆಗೆ ಇಪ್ಪತ್ತು ಕಿಲೊಗಿಂತ ಮೇಲೆ ಬೇಕು. ಹಾಗಾಗಿ ನೆರವು ಹೆಚ್ಚು ಬೇಕಾದದ್ದು ಕಡಲೆ ಬಿತ್ತುವವರಿಗೆ. ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದ ಜೆಜಿ-11 ಎಂಬ ಕಡಲೆ ತಳಿಯ ಬೀಜಕ್ಕೆ ರೈತ ಕಟ್ಟಬೇಕಾದ ಪಾಲನ್ನು ನಾವು ಕಟ್ಟಿದೆವು. ಸ್ವಂತ ಹೊಲವಿಲ್ಲದೆ ಲಾವಣಿಗೆ (ಗೇಣಿಗೆ) ಮಾಡುವವರ ಹೆಸರಿನಲ್ಲಿ ಉತಾರ, ಅಂದರೆ ಪಹಣಿ, ಇರುವುದಿಲ್ಲ, ರಿಯಾಯಿತಿ ಬೀಜವೂ ಸಿಗುವುದಿಲ್ಲ. ಅವರಿಗೆ ಪೇಟೆಯಿಂದ ಪೂರ್ತಿ ಬೆಲೆಗೆ ಕೊಂಡು ಕೊಟ್ಟೆವು. ಪರಿಹಾರದ ಪಟ್ಟಿಯಲ್ಲಿ ಎಲ್ಲೂ ಕಾಣದವರೆಂದರೆ ಅವರೇ.

ಅಕ್ಟೋಬರ್ ಮೂರನೇ ವಾರ, ದೀಪಾವಳಿ ಮುಂದಿರುವಾಗ, ಮತ್ತೆ ಮಳೆ ಸುರಿಯಿತು. ಮಲಪ್ರಭೆ ಮತ್ತೆ ಉಕ್ಕಿತು. ಬಿತ್ತಿದ ಕಡಲೆ ಕೆಲವು ಹೊಲಗಳಲ್ಲಿ ಮೊಳಕೆಯಲ್ಲೇ ಕೊಳೆಯಿತು. ಈ ಸಲ ನಾವು ಊರಿಗೆ ಹೋದಾಗ ದಾರಿಯಲ್ಲಿ ಒಂದೂ ಲಾರಿ ಕಾಣಲಿಲ್ಲ. ಟಿ.ವಿ.ಯವರೂ ಮೊದಲಿನ ಹಾಗೆ ತೋರಿಸಲಿಲ್ಲ. ಅಲ್ಲಿನ ಹಿರಿಯರೊಬ್ಬರು, “ಎರಡನೇ ಸಲ ಯಾರು ಬರುತ್ತಾರೆ ತಾಯಿ ಅಂದುಕೊಂಡಿದ್ದೆವು” ಎಂದರು. ನನಗೆ ಮಾತು ಹೊರಡಲಿಲ್ಲ. ಖಾತೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನೀರು ಬಸಿದ ಹೊಲಗಳಿಗೆ ನವೆಂಬರ್ ಮೊದಲ ವಾರದೊಳಗೆ ಎರಡನೇ ಬಿತ್ತನೆಗೆ ಬೀಜ ಮುಟ್ಟಿಸಿದೆವು. ಹೊಲಿದಿಟ್ಟ ಕೌದಿಗಳೂ ಅದೇ ಟ್ರ್ಯಾಕ್ಟರಿನಲ್ಲಿ ಹೋದವು, ಆಗಲೇ ಚಳಿ ಶುರುವಾಗಿತ್ತು. “ಗಂಟು ಕಟ್ಟಿಡುತ್ತೀರಲ್ಲ” ಎಂದಿದ್ದ ಹುಡುಗಿಯೇ ಆ ಬಿತ್ತನೆಯ ಪಟ್ಟಿ ಮಾಡಿದವಳು, ಮನೆಮನೆ ಕೇಳಿ, ಲಾವಣಿದಾರರ ಹೆಸರು ಮೊದಲು ಬರೆದು.

ಮಾರ್ಚ್ ಕೊನೆಗೆ ಖಾತೆ ಮುಗಿಸುವಾಗ ಉಳಿದ ಸಣ್ಣ ಮೊತ್ತಕ್ಕೆ ಏನು ತರೋಣ ಎಂದು ಆ ಊರಿನ ಹೆಂಗಸರನ್ನೇ ಫೋನಿನಲ್ಲಿ ಕೇಳಿದೆವು. ನೀರು ಹೋಗದ, ಜಿಪ್ ಇರುವ ದಪ್ಪ ಚೀಲ ಬೇಕು ಎಂದರು, ಮನೆಗೆ ಒಂದರಂತೆ. ಉತಾರ, ರೇಷನ್ ಕಾರ್ಡು, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಎಲ್ಲ ಅದರಲ್ಲೇ ಇರಲಿ, ಓಡುವಾಗ ಒಂದೇ ಕೈಗೆ ಸಿಗಬೇಕು ಎಂದರು. ಅದನ್ನೇ ತಂದು ಕೊಟ್ಟು ಕೊನೆಯ ಜಮಾ ಖರ್ಚಿನ ಹಾಳೆಯನ್ನು ಗುಡಿಯ ಫಲಕಕ್ಕೆ ಹಚ್ಚಿದೆವು.