ಲೈನ್ ಬರದ ಊರಿಗೆ ಸೋಲಾರ್: ನಾನು ಲೆಕ್ಕ ಹಾಕುವ ಬಗೆ

ಕರೆಂಟ್ ಲೈನ್ ಎಳೆಯೋಕೆ ಆಗದಷ್ಟು ದೂರದ ಊರುಗಳಿಗೆ ಸೋಲಾರ್ ಕೂರಿಸುವುದು ನನ್ನ ಕೆಲಸ. ವಿಷಯ ತೆಗೆದರೆ ಸಾಕು, "ಎಷ್ಟು ಕಿಲೋವ್ಯಾಟ್ ಹಾಕ್ತೀರಿ?" ಅನ್ನುವ ಪ್ರಶ್ನೆ ಮೊದಲು ಬರುತ್ತದೆ. ನನಗೆ ಆ ಸಂಖ್ಯೆ ಸಿಗುವುದು ಲೆಕ್ಕದ ಕೊನೆಯಲ್ಲಿ. ನಾನು ಶುರು ಮಾಡುವುದು ಆ ಊರಿನ ರಾತ್ರಿಯಿಂದ. ಹೊತ್ತು ಮುಳುಗಿದ ಮೇಲೆ ಯಾವ ಮನೆಯಲ್ಲಿ ಏನು ಓಡುತ್ತದೆ, ಎಷ್ಟು ಹೊತ್ತು ಓಡುತ್ತದೆ? ಇದು ಸರಿಯಾಗಿ ಗೊತ್ತಾದರೆ ಮಿಕ್ಕಿದ್ದು ಗುಣಾಕಾರ, ಭಾಗಾಕಾರ.

ಸಭೆ ಸೇರಿಸಿ ಕೇಳಿದರೆ ಇದು ಗೊತ್ತಾಗುವುದಿಲ್ಲ. ಹತ್ತು ಜನರ ಮುಂದೆ ಎಲ್ಲರೂ "ಲೈಟ್ ಉರಿದ್ರೆ ಸಾಕು ಸಾರ್" ಅಂತಾರೆ. ಮನೆಗೇ ಹೋಗಿ ಕೂತು, "ಕರೆಂಟ್ ಬಂದ ಮೇಲೆ ಮೊದಲು ಏನು ತರ್ತೀರಿ?" ಅಂತ ಕೇಳಿ ನೋಡಿ. ಟಿವಿ ಬರುತ್ತದೆ, ಫ್ಯಾನ್ ಬರುತ್ತದೆ, ಹೊಲಿಗೆ ಮಷೀನಿಗೆ ಮೋಟರ್ ಬರುತ್ತದೆ. ಮನೆಯ ಹೆಂಗಸರನ್ನು ಕೇಳಿದರೆ ಪಟ್ಟಿ ಇನ್ನೂ ನಿಖರವಾಗುತ್ತದೆ. ಎಷ್ಟೋ ಮನೆಗಳಲ್ಲಿ ಕೊನೆಯ ದೀಪ ಆರಿಸುವವರು ಅವರೇ ಅಲ್ವಾ?

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. 40 ಮನೆ ಅಂದುಕೊಳ್ಳಿ. ಒಂದು ಮನೆಗೆ 7 ವ್ಯಾಟಿನ ಮೂರು ಎಲ್‌ಇಡಿ ಬಲ್ಬು, 5 ಗಂಟೆ: 105 ವ್ಯಾಟ್ ಅವರ್. 30 ವ್ಯಾಟಿನ, ಕರೆಂಟ್ ಕಮ್ಮಿ ತಿನ್ನುವ ಬಿಎಲ್‌ಡಿಸಿ ಫ್ಯಾನ್ 6 ಗಂಟೆ: 180. ಮೊಬೈಲ್ ಚಾರ್ಜಿಂಗಿಗೆ ಒಂದು 15. ಒಟ್ಟು 300. 1000 ವ್ಯಾಟ್ ಅವರ್ ಅಂದರೆ ಒಂದು ಯೂನಿಟ್, ಹಾಗಾಗಿ 40 ಮನೆಗೆ ದಿನಕ್ಕೆ 12 ಯೂನಿಟ್. ಬೀದಿ ದೀಪ, ಶಾಲೆ ಸೇರಿಸಿ 14 ಅನ್ನೋಣ.

ಇದನ್ನು ಬಿಸಿಲಿನಿಂದ ಭಾಗಿಸಬೇಕು. ಯಾವ ಬಿಸಿಲು? ವರ್ಷದ ಸರಾಸರಿ ಹಿಡಿದರೆ ಮೋಡ ಕವಿದ ತಿಂಗಳಲ್ಲಿ ಊರು ಕತ್ತಲಲ್ಲಿ ಕೂರುತ್ತದೆ. ನಾನು ಹಿಡಿಯುವುದು ಅತಿ ಕೆಟ್ಟ ತಿಂಗಳನ್ನೇ. ಆ ತಿಂಗಳಲ್ಲಿ ದಿನಕ್ಕೆ ಮೂರೂವರೆ ಗಂಟೆಯ ಪೂರ್ತಿ ಬಿಸಿಲಿಗೆ ಸಮನಾದಷ್ಟು ಸಿಗುತ್ತದೆ ಅನ್ನಿ. ವೈರ್, ಇನ್ವರ್ಟರ್, ಬ್ಯಾಟರಿ, ಧೂಳು, ಬಿಸಿ ಎಲ್ಲ ಸೇರಿ ಶೇ. 30ರಷ್ಟು ತಿಂದುಹಾಕುತ್ತವೆ. 14ನ್ನು ಮೂರೂವರೆಯಿಂದ ಭಾಗಿಸಿ, ಮತ್ತೆ 0.7ರಿಂದ ಭಾಗಿಸಿದರೆ 5.7 ಕಿಲೋವ್ಯಾಟ್. 6 ಹಾಕುತ್ತೇನೆ. ಬ್ಯಾಟರಿ ಎರಡು ದಿನ ಬಿಸಿಲಿಲ್ಲದೆ ತಳ್ಳಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇ. 80ರಷ್ಟು ಖಾಲಿ ಮಾಡಬಹುದು, ಹಾಗಾಗಿ 35 ಯೂನಿಟ್ ಬೇಕು. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅದಕ್ಕೆ 56 ಬೇಕಾಗುತ್ತದೆ. ಜೊತೆಗೆ ಸೆಖೆ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ತಗಡಿನ ಶೆಡ್ಡಿನಲ್ಲಿ ಅದನ್ನು ಇಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಇಷ್ಟು ಕಾಗದದ ಕೆಲಸ. ಜಾಗದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದು ವೋಲ್ಟೇಜ್ ಬಗ್ಗೆ.

20 ಮೀಟರ್ ದೂರಕ್ಕೆ 12 ವೋಲ್ಟಿನಲ್ಲಿ 120 ವ್ಯಾಟ್ ಕಳಿಸಿ ಅಂದರೆ ವೈರಿನಲ್ಲಿ 10 ಆಂಪಿಯರ್ ಹರಿಯುತ್ತದೆ. 4 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಹೋಗಿ ಬರುವಷ್ಟರಲ್ಲಿ ಒಂದೂಮುಕ್ಕಾಲು ವೋಲ್ಟ್ ಮಾಯ. ಆ ತುದಿಗೆ ತಲುಪುವುದು ಹತ್ತು ಚಿಲ್ಲರೆ. ಬಲ್ಬು ಮಂಕಾಗುತ್ತದೆ, ಫ್ಯಾನ್ ಸುಸ್ತಾಗುತ್ತದೆ, ಬೈಗುಳ ಬ್ಯಾಟರಿಗೆ. ಅದೇ 120 ವ್ಯಾಟನ್ನು ಅದೇ ವೈರಿನಲ್ಲಿ 48 ವೋಲ್ಟಿನಲ್ಲಿ ಕಳಿಸಿ, ಆಂಪಿಯರ್ ಕಾಲು ಭಾಗಕ್ಕೆ ಇಳಿಯುತ್ತದೆ, ಅರ್ಧ ವೋಲ್ಟ್ ಕೂಡ ಬೀಳುವುದಿಲ್ಲ. ಹಾಗಾಗಿ ಒಂಟಿ ಮನೆಗೆ ಮಾತ್ರ 12. ಊರಿಗೆ ಅಂದರೆ ಬ್ಯಾಟರಿ 48ರಲ್ಲಿ, ಮನೆಗಳಿಗೆ ಇನ್ವರ್ಟರಿನಿಂದ ಎಸಿ, ಅಂದರೆ ಲೈನಿನಲ್ಲಿ ಬರುವಂಥ ಕರೆಂಟ್.

ಇನ್ನೊಂದು ಕಡೆ ವೋಲ್ಟೇಜ್ ಏರುವ ತೊಂದರೆ. ಪ್ಯಾನೆಲ್ ಬಿಸಿಯಾದರೆ ವೋಲ್ಟೇಜ್ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ಹಿಂದೆ ಅಂಟಿಸಿರುವ ಲೇಬಲ್ಲಿನ ಅಂಕಿ 25 ಡಿಗ್ರಿಯದು. ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದಿದ್ದಾಗ ಪ್ಯಾನೆಲ್ ತೋರಿಸುವ ವೋಲ್ಟೇಜ್) 49 ಇರುವ ಮೂರು ಪ್ಯಾನೆಲ್ ಸೀರೀಸ್ ಮಾಡಿದರೆ, ಅಂದರೆ ಒಂದರ ಹಿಂದೊಂದು ಜೋಡಿಸಿದರೆ, 147. ಪ್ಯಾನೆಲ್ಲಿನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಕಂಟ್ರೋಲರ್ 150ರ ತನಕ ತಾಳುತ್ತದೆ, ಸರಿಹೋಯ್ತು ಅನ್ನಿಸುತ್ತದೆ. ಗುಡ್ಡದ ಮೇಲಿನ ಊರಲ್ಲಿ ಬೆಳಗಿನ ಜಾವ 5 ಡಿಗ್ರಿ. ಡಿಗ್ರಿಗೆ ಶೇ. 0.28ರ ಹಾಗೆ ಏರಿದರೆ ಮೊದಲ ಬಿಸಿಲು ಬಿದ್ದ ಕೂಡಲೇ 155. ಕಂಟ್ರೋಲರ್ ಹೋಯಿತು ಅಂತಲೇ ಲೆಕ್ಕ. ಅಲ್ಲಿ ನಾನು ಎರಡೆರಡೇ ಸೀರೀಸ್ ಮಾಡುತ್ತೇನೆ, ಇಲ್ಲಾ ಹೆಚ್ಚು ವೋಲ್ಟೇಜಿನ ಕಂಟ್ರೋಲರ್ ತರಿಸುತ್ತೇನೆ.

ನೆರಳು ನೋಡೋಕೆ ಮಟಮಟ ಮಧ್ಯಾಹ್ನ ಹೋಗಬೇಡಿ. ಬೆಳಗ್ಗೆ 9ಕ್ಕೆ, ಸಂಜೆ 4ಕ್ಕೆ ನಿಂತು ನೋಡಿ. ಒಂದು ಕೊಂಬೆಯ ನೆರಳು ನಾಲ್ಕು ಸೆಲ್ಲಿನ (ಪ್ಯಾನೆಲ್ಲಿನಲ್ಲಿ ಕಾಣುವ ಸಣ್ಣ ಚೌಕಗಳ) ಮೇಲೆ ಬಿದ್ದರೂ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಸುಮ್ನೆ ಕೂರಬಹುದು.

ನೀರಿನ ಪಂಪನ್ನು ಈ ಬ್ಯಾಟರಿಗೆ ಜೋಡಿಸುವುದೇ ಇಲ್ಲ. ಅದಕ್ಕೆ ಬೇರೆ ಪ್ಯಾನೆಲ್, ಬಿಸಿಲಿದ್ದಾಗ ನೇರವಾಗಿ ಓಡಲಿ, ಟ್ಯಾಂಕ್ ತುಂಬಲಿ. 10,000 ಲೀಟರ್ ನೀರನ್ನು 30 ಮೀಟರ್ ಎತ್ತೋಕೆ, ಪಂಪಿನ ನಷ್ಟವೂ ಸೇರಿ, ಎರಡು ಯೂನಿಟ್ಟಿನ ಆಸುಪಾಸು ಸಾಕು. ಅದನ್ನು ಬ್ಯಾಟರಿಯಲ್ಲಿ ಕೂಡಿಡುವುದಕ್ಕಿಂತ ಟ್ಯಾಂಕಿನಲ್ಲಿ ಕೂಡಿಡುವುದು ಅಗ್ಗ. ಟ್ಯಾಂಕಿನ ಆಯಸ್ಸೂ ಜಾಸ್ತಿ.

ಎಲ್ಲ ಲೆಕ್ಕವನ್ನೂ ಒಂದೇ ಸಲಕ್ಕೆ ಕೆಡಿಸುವ ವಸ್ತು ಎಲೆಕ್ಟ್ರಿಕ್ ಕೆಟಲ್. 1500 ವ್ಯಾಟ್. ಒಂದು ಮನೆಯ ಇಡೀ ದಿನದ ಪಾಲು 12 ನಿಮಿಷಕ್ಕೆ ಮುಗಿಯುತ್ತದೆ. ಇಸ್ತ್ರಿ ಪೆಟ್ಟಿಗೆಯೂ ಅದೇ ಜಾತಿ. ಬೈದು ಪ್ರಯೋಜನವಿಲ್ಲ. ಪ್ರತಿ ಮನೆಗೂ ದಿನದ ಮಿತಿ ಇರುವ ಮೀಟರ್ ಕೂರಿಸುತ್ತೇನೆ. ಪಾಲು ಮುಗಿದರೆ ಆ ಮನೆ ಮಾತ್ರ ಆಫ್, ಪಕ್ಕದ ಮನೆಯ ದೀಪ ಉರಿಯುತ್ತಿರುತ್ತದೆ. ಮಿತಿ ಎಷ್ಟು ಅನ್ನುವುದನ್ನು ಊರವರೇ ಕೂತು ತೀರ್ಮಾನಿಸಲಿ. ಸಭೆ ಸೇರಿಸುವುದಿದ್ದರೆ ಇದಕ್ಕೆ ಸೇರಿಸಿ.

ತಿಂಗಳ ಚಂದಾ ಕೂಡ ಅಲ್ಲೇ ನಿಗದಿಯಾಗಬೇಕು. ಪುಕ್ಕಟೆ ಕೊಟ್ಟರೆ ಬ್ಯಾಟರಿ ಸತ್ತ ದಿನವೇ ಯೋಜನೆಯೂ ಸಾಯುತ್ತದೆ, ಏಕೆಂದರೆ ಹೊಸದಕ್ಕೆ ಕೂಡಿಟ್ಟ ದುಡ್ಡೇ ಇರುವುದಿಲ್ಲ.

ಕೆಲಸ ಕಲಿಸುವುದಕ್ಕೆ ಊರಿನ ಇಬ್ಬರನ್ನು ಆರಿಸುತ್ತೇನೆ. ಅದರಲ್ಲಿ ಒಬ್ಬರಾದರೂ ಊರು ಬಿಟ್ಟು ದುಡಿಯೋಕೆ ಹೋಗದವರು ಆಗಿರಬೇಕು. ಪ್ಯಾನೆಲ್ ಒರೆಸುವುದು, ನಟ್ಟು ಬಿಗಿ ಮಾಡುವುದು, ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಬರೆದಿಡುವುದು, ಫ್ಯೂಸ್ ಬದಲಿಸುವುದು: ಇಷ್ಟು ಬಂದರೆ ಮುಕ್ಕಾಲು ಪಾಲು ತೊಂದರೆ ಅಲ್ಲೇ ಮುಗಿಯುತ್ತದೆ. ಡಿಸಿ (ಪ್ಯಾನೆಲ್, ಬ್ಯಾಟರಿಯಿಂದ ಬರುವ ಕರೆಂಟ್) ಫ್ಯೂಸುಗಳನ್ನು ಪೆಟ್ಟಿಗೆಯೊಳಗೇ ಡಜನ್‌ಗಟ್ಟಲೆ ಇಟ್ಟು ಬರುತ್ತೇನೆ. ಇಲ್ಲದಿದ್ದರೆ ಯಾರಾದರೂ ತಂತಿ ಸುತ್ತಿಯೇ ಸುತ್ತುತ್ತಾರೆ, ಡಿಸಿಯಲ್ಲಿ ಹತ್ತಿದ ಕಿಡಿ ಸುಲಭಕ್ಕೆ ಆರುವುದಿಲ್ಲ. ಇನ್ವರ್ಟರ್ ಕೂಡ ಒಂದು ದೊಡ್ಡದರ ಬದಲು ಎರಡು ಸಣ್ಣವು. ಒಂದು ಕೆಟ್ಟರೆ ರಿಪೇರಿಯಾಗಿ ಬರುವ ತನಕ ಇನ್ನೊಂದರಲ್ಲಿ ಊರಿನ ಬಲ್ಬುಗಳೆಲ್ಲ ಉರಿಯುತ್ತವೆ. ಫ್ಯಾನ್ ಅಷ್ಟು ದಿನ ಆಫ್, ಅದನ್ನು ಮೊದಲೇ ಹೇಳಿರುತ್ತೇನೆ.